ಹೊಸ ಸ್ಪೋರ್ಟ್ಸ್ ಕಾರಿನ ರನ್ನಿಂಗ್-ಇನ್: ಲೀಟರಿಗೆ 7 ಕಿ.ಮೀ. ಬಂದರೆ ಚಿಂತಿಸಬೇಕೇ?

ಜೆ.ಪಿ. ನಗರದವ (ಪ್ರಶ್ನೆ)

ಮಾನ್ಯರೇ, ಕಳೆದ ತಿಂಗಳು ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಹಾಗೂ ಏಳು ಗೇರಿನ ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇರುವ ಸ್ಪೋರ್ಟ್ಸ್ ಕಾರೊಂದನ್ನು ಕೊಂಡೆ. ಗಾಳಿ ಆಂಜನೇಯನ ಗುಡಿಯಲ್ಲಿ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿಕೊಂಡು ಮನೆಗೆ ಬಂದಾಗ ಅಪ್ಪ ಕೇಳಿದ ಮೊದಲ ಮಾತು, "ಎಷ್ಟು ಕೊಡುತ್ತೆ?" ಅಂದು ನಕ್ಕು ತೇಲಿಸಿದ ಪ್ರಶ್ನೆಯೇ ಈಗ ನನ್ನ ನಿದ್ದೆ ಕೆಡಿಸಿದೆ.

ಈವರೆಗೆ 640 ಕಿ.ಮೀ. ಓಡಿದೆ. ದಿನವೂ ರಾಗಿಗುಡ್ಡದ ಡಬಲ್ ಡೆಕ್ಕರ್ ಫ್ಲೈಓವರ್ ಹತ್ತಿ, ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿನ ಕಚೇರಿಗೆ ಹೋಗುತ್ತೇನೆ. ಸುಮಾರು 15 ಕಿ.ಮೀ. ದಾರಿಗೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಕಾರಿನ ಪರದೆ ಲೀಟರಿಗೆ 7.6 ಎಂದು ತೋರಿಸುತ್ತಿದೆ. ನಂಬಿಕೆ ಸಾಲದೆ ಒಂದೇ ಬಂಕ್‌ನಲ್ಲಿ ಎರಡು ಸಲ ಫುಲ್ ಟ್ಯಾಂಕ್ ಮಾಡಿಸಿ ನೋಡಿದೆ: 312 ಕಿ.ಮೀ. ಓಡಿದ್ದಕ್ಕೆ 44.6 ಲೀಟರ್ ಹಿಡಿಯಿತು, ಅಂದರೆ 7 ಕೂಡ ಪೂರ್ತಿ ಇಲ್ಲ. ಮೊದಲ 1000 ಕಿ.ಮೀ. ತನಕ ಪೂರ್ತಿ ಆಕ್ಸಿಲರೇಟರ್ ತುಳಿಯಬಾರದೆಂದು ಕೈಪಿಡಿಯಲ್ಲಿ ಇರುವುದರಿಂದ, ಇಕೋ ಮೋಡ್‌ನಲ್ಲಿಟ್ಟು 1500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ದಾಟದಂತೆ ಓಡಿಸುತ್ತಿದ್ದೇನೆ. ಎಂಜಿನ್ನಿನಲ್ಲೇ ದೋಷವಿರಬಹುದೇ, ಅಥವಾ ರನ್ನಿಂಗ್-ಇನ್ (ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ಮೊದಲ ಓಟ) ಮುಗಿದ ಮೇಲೆ ಮೈಲೇಜ್ ಏರುತ್ತದೆಯೇ?

ಪೀಣ್ಯದ ಹಳಬ

ಸಿಲಿಂಡರ್ ಬೋರಿಂಗ್ ಮತ್ತು ಹೋನಿಂಗ್, ಅಂದರೆ ಎಂಜಿನ್ ಸಿಲಿಂಡರಿನ ಒಳಗೋಡೆ ಕೊರೆದು ಉಜ್ಜಿ ಹದಗೊಳಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ನೀವು ಮೈಲೇಜಿಗೆಂದು ಮಾಡುತ್ತಿರುವ ಕೆಲಸವೇ ರನ್ನಿಂಗ್-ಇನ್‌ಗೆ ಅಡ್ಡಿಯಾಗುತ್ತಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊಸ ಸಿಲಿಂಡರಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ಒಂದನ್ನೊಂದು ಕತ್ತರಿಸುವ ನವಿರಾದ ಓರೆ ಗೀರುಗಳು ಕಾಣುತ್ತವೆ. ಆ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಗೀರುಗಳ ಅಂಚಿನ ಸೂಕ್ಷ್ಮ ಉಬ್ಬುಗಳನ್ನು ಪಿಸ್ಟನ್ ಸುತ್ತ ಕೂರುವ ಲೋಹದ ಬಳೆಗಳು, ಅಂದರೆ ಪಿಸ್ಟನ್ ರಿಂಗ್‌ಗಳು ಸವೆಸುತ್ತ, ತಾವೂ ಸ್ವಲ್ಪ ಸವೆದು, ಗೋಡೆಗೆ ಹೊಂದಿ ಕೂರುತ್ತವೆ. ರಿಂಗನ್ನು ಗೋಡೆಗೆ ಒತ್ತುವ ಬಲದ ಬಹುಪಾಲು ಅದರ ಸ್ವಂತ ಬಿಗಿಯಿಂದ ಬರುವುದಿಲ್ಲ, ಅದರ ಹಿಂದಕ್ಕೆ ನುಗ್ಗುವ ದಹನದ ಅನಿಲದ ಒತ್ತಡದಿಂದ ಬರುತ್ತದೆ. ಹೀಗಾಗಿ ಎಂಜಿನ್ನಿನ ಮೇಲೆ ಸದಾ ಹೂ ಇಟ್ಟಂತೆ ಓಡಿಸಿದರೆ ರಿಂಗ್ ಕೂರುವುದು ತಡವಾಗುತ್ತದೆ. ಇನ್ನು ಎತ್ತರದ ಗೇರಿನಲ್ಲಿ 1200-1500 ಆರ್‌ಪಿಎಂನಲ್ಲಿ ಏರು ಹತ್ತಿಸಿ ಅದನ್ನು ತಿಣುಕಿಸುವುದು ಬೇರಿಂಗ್‌ಗಳಿಗೂ ಒಳ್ಳೆಯದಲ್ಲ, ನೇರ ಇಂಜೆಕ್ಷನ್ನಿನ (ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುವ) ಟರ್ಬೊ ಎಂಜಿನ್ನಿಗಂತೂ ಅಲ್ಲವೇ ಅಲ್ಲ.

ಎಣ್ಣೆ ಬಿಸಿಯಾದ ಮೇಲೆ 2000ದಿಂದ 4000ದವರೆಗೆ ಆರ್‌ಪಿಎಂ ಏರಿಳಿಯಲಿ, ಮಧ್ಯಮ ಆಕ್ಸಿಲರೇಟರ್ ಕೊಡಿ, ಆಗಾಗ ಕಾಲು ತೆಗೆದು ಗೇರಿನಲ್ಲೇ ವೇಗ ಇಳಿಯಲು ಬಿಡಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ಕ್ಕೆ ಕ್ರೂಸ್ ಕಂಟ್ರೋಲ್ ಹಾಕಿ ಕುಳಿತರೆ ಮೈಲೇಜ್ ಚೆನ್ನಾಗಿ ಕಾಣುತ್ತದೆ, ಆದರೆ ಒಂದೇ ವೇಗದ ಓಟ ಈ ಕೆಲಸಕ್ಕೆ ಅಷ್ಟು ಒದಗುವುದಿಲ್ಲ. ಭಾನುವಾರ ಬೆಳಗಿನ ಜಾವ ತುಮಕೂರು ರಸ್ತೆ ಹಿಡಿದು ದೇವರಾಯನದುರ್ಗಕ್ಕೆ ಹೋಗಿಬನ್ನಿ. ಹೆದ್ದಾರಿ, ತಿರುವು, ಏರು, ಇಳಿಜಾರು ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ. ಹೊಸ ಟೈರು ಮತ್ತು ಬ್ರೇಕ್ ಪ್ಯಾಡ್‌ಗಳಿಗೂ ಮೊದಲ ಕೆಲವು ನೂರು ಕಿ.ಮೀ. ಪೂರ್ಣ ಹಿಡಿತ ಇರುವುದಿಲ್ಲವೆಂಬುದು ನೆನಪಿರಲಿ.

ಲೆಕ್ಕದ ಮೇಷ್ಟ್ರು

ದೋಷ ಎಂಜಿನ್ನಿನದೋ ರಸ್ತೆಯದೋ ಎಂಬುದನ್ನು ನಿಮ್ಮ ಅಂಕಿಗಳೇ ಹೇಳುತ್ತವೆ. 15 ಕಿ.ಮೀ. ದಾರಿಯಲ್ಲಿ ಒಟ್ಟು ಅರ್ಧ ಗಂಟೆ ನಿಂತೇ ಕಳೆಯುತ್ತೀರಿ ಎಂದುಕೊಳ್ಳೋಣ. ಎಸಿ ಹಾಕಿಕೊಂಡು ನಿಂತ ಈ ಗಾತ್ರದ ಎಂಜಿನ್ ಗಂಟೆಗೆ ಒಂದು ಲೀಟರಿನ ಆಸುಪಾಸು ಕುಡಿಯುತ್ತದೆಂದು ಹಿಡಿದರೆ, ಅಲ್ಲಿಗೇ ಅರ್ಧ ಲೀಟರ್ ಹೋಯಿತು. ಚಲಿಸುವಾಗ ಲೀಟರಿಗೆ 11 ಬಂದರೂ ಆ 15 ಕಿ.ಮೀ.ಗೆ 1.36 ಲೀಟರ್ ಬೇಕು. ಒಟ್ಟು 1.86 ಲೀಟರ್, ಅಂದರೆ ಲೀಟರಿಗೆ 8. ಇದಕ್ಕೆ ಪ್ರತಿ ಹಂಪಿನ ಮುಂದೆ ಬ್ರೇಕ್ ಹಾಕಿ ಮತ್ತೆ ಎಳೆಯುವುದನ್ನೂ, ಮೊದಲ ಗೇರಿನಲ್ಲಿ ತೆವಳುವುದನ್ನೂ, ಬೆಳಗಿನ ತಣ್ಣನೆಯ ಎಂಜಿನ್ ಬೇಡುವ ಹೆಚ್ಚುವರಿ ಪೆಟ್ರೋಲನ್ನೂ ಸೇರಿಸಿದರೆ ನಿಮ್ಮ 7 ಸಹಜವೇ.

ನಿಮ್ಮ ಹತ್ತು ವರ್ಷದ ಹಿಂದಿನ ಕಾರಿನ ನೆನಪಿನೊಂದಿಗೆ ಇದನ್ನು ಹೋಲಿಸುತ್ತಿದ್ದರೆ ಇನ್ನೊಂದು ಮಾತು: ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಾದ್ದರಿಂದ, ಈ ಮಿಶ್ರಣದಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6-7ರಷ್ಟು ಶಕ್ತಿ ಕಡಿಮೆ ಇರುತ್ತದೆ.

ಮಲ್ಲೇಶ್ವರದ ಹಿರಿಯ

ನಮ್ಮ ತಂದೆಯವರು ಪದ್ಮಿನಿ ಕಾರು ಕೊಂಡಾಗ ಹಿಂದಿನ ಗಾಜಿಗೆ "ರನ್ನಿಂಗ್ ಇನ್" ಎಂದು ಬರೆದ ಚೀಟಿ ಅಂಟಿಸಿ, ನಲವತ್ತರ ಮೇಲೆ ಮುಳ್ಳು ಹೋದರೆ ಗದರುತ್ತಿದ್ದರು. ಇಂದಿನ ಎಂಜಿನ್‌ಗಳಿಗೆ ಅಷ್ಟು ಮಡಿ ಬೇಡ. ಆದರೂ ನಿಯಮವೇ ಇಲ್ಲವೆನ್ನುವವರನ್ನು ನಂಬಬೇಡಿ: ಬಿಎಂಡಬ್ಲ್ಯು ತನ್ನ 'ಎಂ' ಎಂಬ ಸ್ಪೋರ್ಟ್ಸ್ ಸಾಲಿನ ಕಾರುಗಳಿಗೆ 2000 ಕಿ.ಮೀ.ಗೆ ಪ್ರತ್ಯೇಕ ಸರ್ವಿಸನ್ನೇ ಇಟ್ಟಿದೆ, ಪೋರ್ಶೆ ಮೊದಲ 3000 ಕಿ.ಮೀ. ಜೋಪಾನ ಎನ್ನುತ್ತದೆ. ನಿಮ್ಮ ಕೈಪಿಡಿ ಹೇಳಿದ್ದೇ ನಿಮಗೆ ಅಂತಿಮ. ಹೊಸ ಎಂಜಿನ್ ಸ್ವಲ್ಪ ಎಣ್ಣೆ ಕುಡಿಯುವುದುಂಟು, ಆದ್ದರಿಂದ ಮೈಲೇಜಿನ ಅಂಕಿಗಿಂತ ಎಣ್ಣೆಯ ಮಟ್ಟವನ್ನು ಹೆಚ್ಚು ಗಮನಿಸಿ. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ತಣ್ಣಗಿರುವಾಗಲೇ ನೋಡಿಸಿ. ರನ್ನಿಂಗ್-ಇನ್ ಮುಗಿದ ಮೇಲೆ ಮೈಲೇಜ್ ಒಂದಿಷ್ಟು ಸುಧಾರಿಸಬಹುದು. 7 ಇದ್ದದ್ದು 12 ಆಗುವುದಿಲ್ಲ.

ಜೆ.ಪಿ. ನಗರದವ

ಎಲ್ಲರಿಗೂ ಧನ್ಯವಾದಗಳು. ಇಕೋ ಮೋಡ್ ತೆಗೆದು, ಪೀಣ್ಯದ ಹಿರಿಯರು ಹೇಳಿದಂತೆ ದೇವರಾಯನದುರ್ಗಕ್ಕೆ ಹೋಗಿಬಂದೆ. 168 ಕಿ.ಮೀ.ಗೆ 14.6 ಲೀಟರ್ ಹಿಡಿಯಿತು, ಅಂದರೆ ಲೀಟರಿಗೆ 11.5, ಬೆಟ್ಟದ ಏರಿನಲ್ಲಿ ಎರಡನೇ ಗೇರಿನಲ್ಲೇ ಎಳೆಸಿದ ಮೇಲೂ ಅಷ್ಟು ಬಂದಿದೆ. ಸೋಮವಾರ ಸಿಲ್ಕ್ ಬೋರ್ಡ್ ಬಳಿ ಪರದೆ ಮತ್ತೆ 7.4ಕ್ಕೆ ಇಳಿಯಿತು. ಅಪ್ಪನಿಗೆ ಸದ್ಯ ಭಾನುವಾರದ ಅಂಕಿಯನ್ನಷ್ಟೇ ಹೇಳಿದ್ದೇನೆ. ಎಣ್ಣೆ ಗುರುತಿನ ಮಧ್ಯಕ್ಕಿಂತ ಮೇಲಿದೆ, 1000 ಕಿ.ಮೀ. ತುಂಬಿದ ದಿನ ಮತ್ತೊಮ್ಮೆ ನೋಡಿ ಇಲ್ಲೇ ಬರೆಯುತ್ತೇನೆ.