ಅಪ್‌ಡೇಟ್: ಬಾಯಿ ಹುಣ್ಣಿನ ಕಾರಣ ಕೊನೆಗೂ ಸಿಕ್ಕಿತು

ಹೋದ ತಿಂಗಳು ಕೇಳಿದ್ದೆನಲ್ಲ, ನಾಲಿಗೆಯ ಎಡಗಡೆ ಒಂದೇ ಜಾಗದಲ್ಲಿ ಹುಣ್ಣು ವಾಸಿಯಾಗ್ತಾನೇ ಇಲ್ಲ, ಸಾರು ಅನ್ನ ತಿಂದರೂ ಕಣ್ಣಲ್ಲಿ ನೀರು ಬರುತ್ತದೆ, ಏನು ಮಾಡಲಿ ಅಂತ. "ಉಷ್ಣ ಆಗಿದೆ, ಮಜ್ಜಿಗೆ ಕುಡಿಯಿರಿ" ಅಂದವರೇ ಜಾಸ್ತಿ. ಕುಡಿದೆ. ಗಸಗಸೆ ಪಾಯಸವೂ ಆಯಿತು, ಅದರಿಂದ ನಿದ್ದೆ ಮಾತ್ರ ಚೆನ್ನಾಗಿ ಬಂತು.

ಒಬ್ಬರು "ಮೂರು ವಾರ ದಾಟಿದರೆ ಸುಮ್ನೆ ಕೂರಬೇಡಿ, ತೋರಿಸಿ" ಅಂದಿದ್ದರು. ಅವರಿಗೆ ದೊಡ್ಡ ಥ್ಯಾಂಕ್ಸ್. ಹಲ್ಲಿನ ಡಾಕ್ಟರ್ ಪುಟ್ಟ ಕನ್ನಡಿ ಹಿಡಿದು ನೋಡಿ, ನನ್ನ ಬೆರಳನ್ನೇ ದವಡೆ ಹಲ್ಲಿನ ಮೇಲೆ ಇಡಿಸಿದರು. ಒಡೆದ ಬಳೆಯ ಅಂಚಿನ ಹಾಗೆ ಚುಚ್ಚಿತು! ಹಳೇ ಫಿಲ್ಲಿಂಗ್ ಪಕ್ಕ ಚೂರು ಮುರಿದಿತ್ತು, ಮಾತಾಡಿದಾಗೆಲ್ಲ ನಾಲಿಗೆ ಅದಕ್ಕೇ ಉಜ್ಜುತ್ತಿತ್ತು. ಐದೇ ನಿಮಿಷದಲ್ಲಿ ಉಜ್ಜಿ ನಯ ಮಾಡಿಕೊಟ್ಟರು.

ತುಟಿಯ ಒಳಗೂ ಸಣ್ಣ ಹುಣ್ಣುಗಳು ಬಂದು ಹೋಗುತ್ತಿದ್ದವು, ಅದಕ್ಕೆ ರಕ್ತ ಪರೀಕ್ಷೆ ಬರೆದರು. ವಿಟಮಿನ್ ಬಿ12 ಬರೀ 148 ಬಂತು, 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತ ಲೆಕ್ಕ. ನಮ್ಮದು ಮೊಟ್ಟೆಯೂ ಇಲ್ಲದ ಮನೆ, ನಾನು ಹಾಲು ಮುಟ್ಟುವುದೂ ಅಪರೂಪ, ಇನ್ನೇನಾಗುತ್ತದೆ ಅಲ್ವಾ? ಈಗ ಮಾತ್ರೆ ನಡೆಯುತ್ತಿದೆ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಅನ್ನೋ ರಾಸಾಯನಿಕ ಇಲ್ಲದ ಪೇಸ್ಟ್ ತಂದೆ, ಆ ನೊರೆ ಕೆಲವರಿಗೆ ಆಗಿಬರುವುದಿಲ್ಲವಂತೆ. ಊಟವಾದ ಮೇಲೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುತ್ತೇನೆ, ಅಷ್ಟೇ.

ನಾಲಿಗೆಯದು 11 ದಿನಕ್ಕೆ ಮಾಯಿತು. ನಿನ್ನೆ ಮಿಡಿ ಉಪ್ಪಿನಕಾಯಿ ಕಚ್ಚಿಕೊಂಡು ಮೊಸರನ್ನ ತಿಂದೆ, ಉರಿಯಲಿಲ್ಲ.