ನಿಂತ ಕಾರಿನ ಬ್ಯಾಟರಿ ನಾಲ್ಕೇ ದಿನಕ್ಕೆ ಡೌನ್: ಹೊಸದು ಹಾಕಿಸಿದರೂ ಅದೇ ಕಥೆ

ನವನಗರ, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಪೆಟ್ರೋಲ್ ಕಾರು, 35 ಆಂಪಿಯರ್-ಅವರ್ ಬ್ಯಾಟರಿ. ಕೆಲಸ ಧಾರವಾಡದಲ್ಲಿ, ದಿನಾ ಚಿಗರಿ ಬಸ್ಸಿಗೆ ಹೋಗಿ ಬರುತ್ತೇನೆ. ಕಾರು ವಾರವಿಡೀ ಮನೆ ಮುಂದೆ ನಿಂತಿರುತ್ತದೆ. ಶನಿವಾರ ಮಾತ್ರ ಗದಗ ಕಡೆ ನಮ್ಮ ಊರಿಗೆ, ಅಮ್ಮನ ಹತ್ತಿರ ಹೋಗುತ್ತೇನೆ.

ಎರಡು ತಿಂಗಳಿಂದ ಶನಿವಾರ ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಸೆಲ್ಫ್ ಹೊಡೆಯುವುದೇ ಇಲ್ಲ. ಓಣಿಯ ಹುಡುಗರು ತಳ್ಳಿ ಸ್ಟಾರ್ಟ್ ಮಾಡಿಕೊಡುತ್ತಾರೆ. ಬ್ಯಾಟರಿಗೆ ಮೂರು ವರ್ಷ ಆಗಿತ್ತು, "ಹೋಗಿದೆ, ಬದಲಿಸಿ" ಅಂದರು ಗ್ಯಾರೇಜಿನವರು. ಬದಲಿಸಿದೆ. ಹೊಸದೂ ಅದೇ ವಾರ ಮಲಗಿತು. ಈಗ "ಡೈನಮೋ ನೋಡಬೇಕು" ಅನ್ನುತ್ತಿದ್ದಾರೆ. ನಿನ್ನೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಆಗಲಿಲ್ಲ. ಮತ್ತೆ ದುಡ್ಡು ಹಾಕುವ ಮೊದಲು ಏನು ನೋಡಲಿ?

ಬೆಟಗೇರಿ, ಭಾನುವಾರ ರಾತ್ರಿ

ಸರ್, ಸದ್ಯಕ್ಕೆ ಏನೂ ಬದಲಿಸಬೇಡಿ. ಒಂದು ಸಾದಾ ಮಲ್ಟಿಮೀಟರ್ ತನ್ನಿ. 10 ಆಂಪಿಯರ್ ತನಕ ಡಿಸಿ ಕರೆಂಟ್ ಅಳೆಯುವಂಥದ್ದೇ ಇರಲಿ, ಮುಂದೆ ಬೇಕಾಗುತ್ತದೆ.

ಮೊದಲು ಡೈನಮೋ, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. ಆಮೇಲೆ ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ ಪೂರ್ತಿ ತುಂಬಿಸಿ. ಎಂಜಿನ್ ಹತ್ತು ನಿಮಿಷ ಸುಮ್ನೆ ಓಡಿಸಿದರೆ ಬ್ಯಾಟರಿ ತುಂಬುವುದಿಲ್ಲ. ತುಂಬಿದ ಮೇಲೆ ಕೆಲವು ಗಂಟೆ ಬಿಟ್ಟು ಅಳೆಯಿರಿ, 12.6ರ ಆಸುಪಾಸು ಇರಬೇಕು. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಅಂದರೆ ಹೆಚ್ಚು ಕಡಿಮೆ ಮುಗಿದಂತೆ.

ಈಗ ಮುಖ್ಯವಾದದ್ದು. 10 ನಂಬರ್ ಪಾನಾ ತೆಗೆದುಕೊಂಡು ನೆಗೆಟಿವ್ ವೈರ್ ಬಿಚ್ಚಿ ಎರಡು ದಿನ ಹಾಗೇ ಬಿಡಿ. ನೆಗೆಟಿವ್ಅನ್ನೇ ಬಿಚ್ಚಬೇಕು. ಪಾಸಿಟಿವ್‌ಗೆ ಕೈ ಹಾಕಿದಾಗ ಪಾನಾ ಕಾರಿನ ಲೋಹದ ಮೈಗೆ ತಾಗಿದರೆ ಶಾರ್ಟ್ ಆಗುತ್ತದೆ. ಎರಡು ದಿನದ ಮೇಲೂ 12.6 ಹಾಗೇ ಇದ್ದರೆ ಬ್ಯಾಟರಿ ಚೆನ್ನಾಗಿದೆ, ಕಾರಿನಲ್ಲಿ ಏನೋ ಕರೆಂಟ್ ಎಳೆಯುತ್ತಿದೆ ಅಂತ ಅರ್ಥ.

ನವನಗರ, ಗುರುವಾರ

ಎಂಜಿನ್ ಚಾಲೂ ಇದ್ದಾಗ 14.2. ವೈರ್ ಬಿಚ್ಚುವ ಮೊದಲು 12.6, ಎರಡು ದಿನದ ಮೇಲೂ 12.6! ಹಾಗಾದರೆ ಹಳೆಯ ಬ್ಯಾಟರಿಯೂ ಸರಿಯಿತ್ತೇನೋ. ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟೆ.

ರಾಣೆಬೆನ್ನೂರು, ಗುರುವಾರ

ಅಣ್ಣಾ, ನಡುವೆ ಬಾಯಿ ಹಾಕುತ್ತಿದ್ದೇನೆ. ಕರೆಂಟ್ ಅಳೆಯುವಾಗ ನಾನು ಮಾಡಿದ ತಪ್ಪು ನೀವು ಮಾಡಬಾರದು. ಬಾಗಿಲು ತೆರೆದ ಕೂಡಲೇ ಕಾರು ಎಚ್ಚರಾಗುತ್ತದೆ, ಮೀಟರ್‌ನಲ್ಲಿ ಎರಡು ಮೂರು ಆಂಪಿಯರ್ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ನಾನು ಅರ್ಧ ಡ್ಯಾಶ್‌ಬೋರ್ಡ್ ಬಿಚ್ಚಿಸಿದ್ದೆ. ಏನೂ ಸಿಗಲಿಲ್ಲ.

ಬಾನೆಟ್ ತೆರೆದಿಟ್ಟು, ಬಾಗಿಲೆಲ್ಲ ಹಾಕಿ ಲಾಕ್ ಮಾಡಿ. ರಿಮೋಟ್ ಕೀ ದೂರ ಇಡಿ. ಫ್ಯೂಸ್ ನೋಡಲು ಬಾಗಿಲು ತೆರೆದಿರಬೇಕು ಅಂದರೆ ಬಾಗಿಲಿನ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿಬಿಡಿ. ಬಾಗಿಲು ಹಾಕಿದೆ ಅಂತ ಕಾರು ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ಕೊಂಡಿ ಬಿಡಿಸದೆ ಬಾಗಿಲು ಹಾಕಬೇಡಿ. ಇಷ್ಟೆಲ್ಲ ಆದ ಮೇಲೆ ಅರ್ಧ ಗಂಟೆ, 40 ನಿಮಿಷ ಕಾಯಿರಿ. ಕಂಪ್ಯೂಟರ್‌ಗಳೆಲ್ಲ ಮಲಗಬೇಕು.

ಬೆಟಗೇರಿ, ಗುರುವಾರ

ಅವರು ಹೇಳಿದ್ದು ಪೂರ್ತಿ ಸರಿ. ಮೀಟರ್ ಜೋಡಿಸುವ ಬಗ್ಗೆ ನನ್ನದೂ ಒಂದು ಮಾತು. ಕೆಂಪು ವೈರ್‌ಅನ್ನು 10 ಆಂಪಿಯರ್ ತೂತಿಗೆ ಹಾಕಿ. ನೆಗೆಟಿವ್ ವೈರಿನ ತುದಿಯ ಕ್ಲಾಂಪ್‌ಗೆ ಮೀಟರಿನ ಒಂದು ಮೊನೆ, ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಇನ್ನೊಂದು ಮೊನೆ ಹಿಡಿದಿಟ್ಟುಕೊಂಡೇ ಕ್ಲಾಂಪ್ ಮೇಲೆತ್ತಿ. ಹಾಗೆ ಮಾಡಿದರೆ ಕರೆಂಟ್ ತಪ್ಪುವುದಿಲ್ಲ, ಕಾರು ಮತ್ತೆ ಎಚ್ಚರಾಗುವುದಿಲ್ಲ. ಮೀಟರ್ ಹೀಗಿರುವಾಗ ಸೆಲ್ಫ್ ಮಾತ್ರ ಹೊಡೆಯಲೇಬೇಡಿ. ಸೆಲ್ಫ್‌ಗೆ ನೂರಕ್ಕೂ ಜಾಸ್ತಿ ಆಂಪಿಯರ್ ಬೇಕು, ಮೀಟರ್ ಸುಟ್ಟೇ ಹೋಗುತ್ತದೆ.

ಮಲಗಿದ ಕಾರು 0.02ರಿಂದ 0.05 ಆಂಪಿಯರ್ ಎಳೆದರೆ ತೊಂದರೆಯಿಲ್ಲ. ಗಡಿಯಾರ, ಲಾಕ್ ಇವಕ್ಕೆ ಅಷ್ಟು ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆದು ನೋಡಿ. ಯಾವುದನ್ನು ತೆಗೆದಾಗ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ಡಿಕ್ಕಿಯ ದೀಪ, ಗ್ಲೋವ್‌ಬಾಕ್ಸ್ ದೀಪ, ಜಿಪಿಎಸ್, ಡ್ಯಾಶ್‌ಕ್ಯಾಮ್ ಇವೆಲ್ಲ ನೆನಪಿರಲಿ.

ನವನಗರ, ಶುಕ್ರವಾರ ರಾತ್ರಿ

ಬೆಳಿಗ್ಗೆ ವೈರ್ ಮತ್ತೆ ಹಾಕಿ ಆಫೀಸಿಗೆ ಹೋದೆ. ಸಂಜೆ ಬಂದು 40 ನಿಮಿಷ ಕಾದು ಅಳೆದೆ. 0.38 ಆಂಪಿಯರ್. ಒಳಗಿನ ಫ್ಯೂಸ್, ಬಾನೆಟ್ ಕೆಳಗಿನ ಫ್ಯೂಸ್ ಎಲ್ಲ ಒಂದೊಂದಾಗಿ ತೆಗೆದೆ. ಅಲ್ಲೊಂದು ಇಲ್ಲೊಂದು ಚೂರು ಇಳಿಯಿತು, ದೊಡ್ಡದೇನೂ ಇಲ್ಲ. ಒಂಬತ್ತೂವರೆ ಆಯಿತು, ಟಾರ್ಚ್ ಹಿಡಿದು ಮಗಳಿಗೂ ಸಾಕಾಗಿದೆ. ಈಗ ಏನು?

ಬೆಟಗೇರಿ, ಶುಕ್ರವಾರ ರಾತ್ರಿ

0.38 ಅಂದರೆ ದಿನಕ್ಕೆ ಒಂಬತ್ತು ಆಂಪಿಯರ್-ಅವರ್. ನಾಲ್ಕು ದಿನಕ್ಕೆ 36. ನಿಮ್ಮ ಬ್ಯಾಟರಿಯೇ 35ರದು. ನಿಮ್ಮ ಶನಿವಾರದ ಲೆಕ್ಕ ಸರಿಯಾಗಿ ಕೂರುತ್ತದೆ, ಅಲ್ವಾ?

ಯಾವ ಫ್ಯೂಸಿಗೂ ಬಗ್ಗುತ್ತಿಲ್ಲ ಅಂದರೆ ಕರೆಂಟ್ ಫ್ಯೂಸ್ ಪೆಟ್ಟಿಗೆಯ ಮೂಲಕ ಹೋಗುತ್ತಲೇ ಇಲ್ಲ. ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಡೈನಮೋದ ಡಯೋಡ್ ಹಾಳಾದರೂ ಹೀಗಾಗುತ್ತದೆ. ಅದಕ್ಕೂ ಮೊದಲು ಪಾಸಿಟಿವ್ ಟರ್ಮಿನಲ್ ನೋಡಿ. ಕಂಪನಿಯ ವೈರ್ ಬಿಟ್ಟು ಬೇರೆ ದಪ್ಪ ವೈರ್ ಏನಾದರೂ ಇದೆಯಾ? ಸ್ಪೀಕರ್, ವೂಫರ್ ಹಾಕಿಸಿದ್ದೀರಾ?

ನವನಗರ, ಶುಕ್ರವಾರ ರಾತ್ರಿ

ಇದೆ! ಒಂದು ಕೆಂಪು ದಪ್ಪ ವೈರ್, ನಡುವೆ ಗಾಜಿನ ಫ್ಯೂಸ್. ಮೂರು ತಿಂಗಳ ಹಿಂದೆ ವೂಫರ್‌ಗೆ ಅಂತ ಸೀಟಿನ ಕೆಳಗೆ ಆಂಪ್ಲಿಫೈಯರ್ ಹಾಕಿಸಿದ್ದೆ. ಮೊದಲೇ ಹೇಳಬೇಕಿತ್ತು, ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆಯಲೇ ಇಲ್ಲ. ಸಂಜೆಯಿಂದ ಕಾರು ಬಂದ್ ಇದೆ, ಆದರೂ ಆಂಪ್ಲಿಫೈಯರ್ ಮೇಲೆ ಕೈಯಿಟ್ಟರೆ ಬೆಚ್ಚಗಿದೆ. ಆ ಗಾಜಿನ ಫ್ಯೂಸ್ ತೆಗೆದೆ. ಮೀಟರ್ 0.03ಕ್ಕೆ ಬಂತು!

ಬೆಟಗೇರಿ, ಶುಕ್ರವಾರ ರಾತ್ರಿ

ಸಿಕ್ಕಿತು ನೋಡಿ. ಆಂಪ್ಲಿಫೈಯರ್‌ನಲ್ಲಿ ರಿಮೋಟ್ ಅಂತ ಬರೆದ ಒಂದು ಸ್ಕ್ರೂ ಇರುತ್ತದೆ. ಅಲ್ಲಿಗೆ 12 ವೋಲ್ಟ್ ಬಂದರೆ ಅದು ಆನ್, ಬರದಿದ್ದರೆ ಆಫ್. ಸ್ಟೀರಿಯೋದ ಹಿಂದಿನಿಂದ ನೀಲಿ-ಬಿಳಿ ವೈರ್ ಎಳೆದು ಅಲ್ಲಿಗೆ ಕೊಡಬೇಕು. ಸ್ಟೀರಿಯೋ ಬಂದ್ ಆದರೆ ಇದೂ ಬಂದ್ ಆಗುತ್ತದೆ. ಅಷ್ಟು ಉದ್ದ ಎಳೆಯಲು ಬೇಜಾರಾಗಿ ಕೆಲವರು ಪಕ್ಕದ ಪವರ್ ಸ್ಕ್ರೂನಿಂದಲೇ ಒಂದು ತುಂಡು ವೈರ್ ಹಾಕಿಬಿಡುತ್ತಾರೆ. ಹಾಡು ಬರುತ್ತದೆ, ಗಿರಾಕಿಗೆ ಗೊತ್ತಾಗುವುದಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ಕೆಲಸ. ಹತ್ತು ನಿಮಿಷ ಉಳಿಸಲು ಹೋಗಿ ಇನ್ನೊಬ್ಬರ ಬ್ಯಾಟರಿ ಹಾಳು ಮಾಡುತ್ತಾರೆ. ಆ ತುಂಡು ಇದೆಯಾ ನೋಡಿ.

ನವನಗರ, ಮುಂದಿನ ಶನಿವಾರ

ನೀವು ಹೇಳಿದ್ದೇ ಸರಿ, ಎರಡು ಇಂಚಿನ ತುಂಡು ವೈರ್ ಇತ್ತು. ಪರಿಚಯದ ಎಲೆಕ್ಟ್ರಿಷಿಯನ್ ಕೈಲಿ ನೀಲಿ-ಬಿಳಿ ವೈರ್ ಎಳೆಸಿದೆ. ಈಗ ಆಂಪ್ಲಿಫೈಯರ್ ಫ್ಯೂಸ್ ಹಾಕಿದ್ದರೂ 0.03. ಬ್ಯಾಟರಿ ಚಾರ್ಜ್ ಮಾಡಿ ಭಾನುವಾರದಿಂದ ಕಾರು ಮುಟ್ಟಿಲ್ಲ. ಇವತ್ತು ಬೆಳಿಗ್ಗೆ 12.5 ಇತ್ತು, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ. ಅಮ್ಮನನ್ನು ಇವತ್ತು ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ರೀ.

ಬೆಟಗೇರಿ, ಶನಿವಾರ

ಸಂತೋಷ ಸರ್. ಆ ಬ್ಯಾಟರಿ ಕೆಲವು ಸಲ ಪೂರ್ತಿ ಖಾಲಿಯಾಗಿದೆ, ಹಾಗಾದಾಗ ಪ್ಲೇಟ್‌ಗಳಿಗೆ ಪೆಟ್ಟು ಬೀಳುತ್ತದೆ. ತಿಂಗಳಿಗೊಮ್ಮೆ ವೋಲ್ಟ್ ಅಳೆದು ಬರೆದಿಡಿ. ಊರಿನಲ್ಲಿ ಅಮ್ಮನಿಗೆ ನಮಸ್ಕಾರ ತಿಳಿಸಿ.