ಪುಟ್ಟಿ, ಆ ಲೈನ್ ತೆಗೆಸಬೇಡ

ಪುಟ್ಟಿ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. 100 ಎಂಬಿಪಿಎಸ್ ವೇಗದ ಫೈಬರ್ ಇಂಟರ್ನೆಟ್ ಹಾಕಿಸಿದ್ದೇವೆ, ಕಂಪ್ಯೂಟರ್‌ನಲ್ಲಿ ಫೈಲ್ ಇಳಿಸುವಾಗ ಬರೀ 12 ತೋರಿಸುತ್ತಿದೆ, ಮೋಸ ಹೋದೆವಾ, ಇದನ್ನು ತೆಗೆಸಿ ಮೊಬೈಲ್ ಟವರ್‌ನಿಂದ ಇಂಟರ್ನೆಟ್ ಹಿಡಿಯುವ 5ಜಿ ಡಬ್ಬಿ ತರೋಣವಾ ಅಂತ ಕೇಳಿದ್ದೀಯ. ಅವಸರ ಬೇಡ ತಾಯಿ. ರೌಟರ್‌ನಿಂದ ಕಂಪ್ಯೂಟರ್‌ಗೆ ವೈರ್ ಚುಚ್ಚಿ ಅಳೆಯದೆ ಲೈನ್ ತೆಗೆಸಬೇಡ.

ನಾನು ಹಾಗೆ ಮಾಡಿ ಕೆಟ್ಟವನು. ನಮ್ಮ ನಡುಮನೆ ಗೊತ್ತಲ್ಲ, ನಿಮ್ಮ ದೊಡ್ಡಮ್ಮನ ಆ ಕಬ್ಬಿಣದ ಬೀರು. ರೌಟರ್ ದೀಪ ರಾತ್ರಿಯೆಲ್ಲ ಮಿಣಮಿಣ ಅನ್ನುತ್ತದೆ ಅಂತ ಅದನ್ನು ಬೀರುವಿನ ಹಿಂದೆ ಇಡಿಸಿದಳು. ನಾನು ಮಲಗುವ ಕೋಣೆಯಲ್ಲಿ ಫೋನ್ ಹಿಡಿದು ಅಳೆದರೆ 14. ತಲೆ ಕೆಟ್ಟಿತು. ಫೋನ್ ಮಾಡಿ ಬೈದೆ, ಲೈನ್ ತೆಗೆಸಿದೆ, 5ಜಿ ಡಬ್ಬಿ ತಂದೆ. ಅದನ್ನೂ ತಗೊಂಡು ಹೋಗಿ ಸಿಗ್ನಲ್ ತಡೆಯುವ ಅದೇ ಬೀರುವಿನ ಹಿಂದೆ ಇಟ್ಟೆ ನೋಡು! ಆಮೇಲೆ ಕಿಟಕಿ ಹತ್ತಿರ ಇಟ್ಟಾಗ ಬೆಳಗಿನ ಜಾವ 200 ದಾಟುತ್ತಿತ್ತು, ರಾತ್ರಿ ಊಟದ ಹೊತ್ತಿಗೆ 20. ಒಂದೇ ಟವರ್, ಸುತ್ತ ಇರುವ ಎಲ್ಲರೂ ಹಂಚಿಕೊಳ್ಳಬೇಕು ಅಲ್ವಾ. ಕೊನೆಗೆ ಮತ್ತೆ ಫೈಬರ್. ಹಾಕಲು ಬಂದ ಹುಡುಗ ಲ್ಯಾಪ್‌ಟಾಪ್‌ಗೆ ವೈರ್ ಚುಚ್ಚಿದ, 94 ಬಂತು. 100ರ ಪೋರ್ಟಿನಲ್ಲಿ 94 ಅಂದರೆ ಪೂರ್ತಿ ಬಂದ ಹಾಗೆಯೇ, ಮಿಕ್ಕಿದ್ದು ಡೇಟಾ ಕಟ್ಟಿ ಕಳಿಸೋದಕ್ಕೆ ಹೋಗುತ್ತದೆ. ಆ ಹುಡುಗ ಬೀರು ನೋಡಿದ, ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ವೈರ್ ಚುಚ್ಚಿ ಅಳೆಯದೆ ಲೈನ್ ತೆಗೆಸಬೇಡ. ನಿನ್ನ ಅಣ್ಣ ಈ ಗ್ರೂಪ್‌ನಲ್ಲಿ ಸ್ಯಾಟಲೈಟ್ ಇಂಟರ್ನೆಟ್ ಹಾಕಿಸು ಅಂತ ಬರೆದಿದ್ದಾನೆ, ಅವನ ಮಾತು ಬಿಡು. 36,000 ಕಿಲೋಮೀಟರ್ ಮೇಲಿರುವ ಉಪಗ್ರಹದ ಮೂಲಕ ಮಾತು ಹೋಗಿ ಉತ್ತರ ಬರೋದಕ್ಕೆ ಅರ್ಧ ಸೆಕೆಂಡಿನಷ್ಟು ಬೇಕು, ವಿಡಿಯೋ ಕಾಲ್‌ನಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತೀರಿ. ಕೆಳಗೆ ಹಾರುವ ಹೊಸವು ಪರವಾಗಿಲ್ಲ, ಆದರೆ ಬಾಗಿಲಿಗೆ ಫೈಬರ್ ಬಂದಿರುವ ಮನೆಗೆ ಅದು ಯಾಕೆ?

ಈ ಮನೆತನಕ್ಕೆ ಇಂಟರ್ನೆಟ್ ತಂದವನೇ ನಾನು, ಅದು ಯಾರಿಗೂ ನೆನಪಿಲ್ಲ. ಫೋನ್ ಲೈನಿಗೆ ಹಾಕುವ 56 ಕೆಬಿಪಿಎಸ್ ಮೋಡೆಮ್. 5 ಎಂಬಿ ಹಾಡು ಇಳಿಯಲು ಹನ್ನೆರಡು ನಿಮಿಷ ಆದರೂ ಬೇಕು. ಹತ್ತನೇ ನಿಮಿಷಕ್ಕೆ ಸರಿಯಾಗಿ ನಿಮ್ಮ ಅಪ್ಪ ಇನ್ನೊಂದು ರೂಮಿನಲ್ಲಿ ಫೋನ್ ಎತ್ತುವನು, ಲೈನ್ ಕಟ್! ಗೊತ್ತಾಗಲಿಲ್ಲ ಅಣ್ಣ ಅನ್ನುವನು, ಪ್ರತಿ ಸಲವೂ. ಆಮೇಲೆ ಅದೇ ಫೋನ್ ತಂತಿಯಲ್ಲಿ ಬರುವ ಡಿಎಸ್‌ಎಲ್ ಬಂತು, 24 ಎಂಬಿಪಿಎಸ್‌ವರೆಗೆ ಅಂತ ಬರೆದುಕೊಟ್ಟು 3 ಕೊಟ್ಟರು. ಟೆಲಿಫೋನ್ ಎಕ್ಸ್‌ಚೇಂಜ್ ದೂರ, ತಾಮ್ರದ ತಂತಿ ಉದ್ದ ಆದಷ್ಟೂ ವೇಗ ಸೊರಗುತ್ತದೆ, ಆ 'ವರೆಗೆ' ಅನ್ನೋ ಮಾತಿನಲ್ಲೇ ಎಲ್ಲ ಅಡಗಿರುತ್ತದೆ. ಇಷ್ಟು ಪಾಡು ಪಟ್ಟವನನ್ನು ಈಗ ಕೇಳುವವರಿಲ್ಲ. ಹೋದ ತಿಂಗಳು ಇದೇ ಗ್ರೂಪ್‌ನಲ್ಲಿ ಫೋಟೋ ಬ್ಯಾಕಪ್ ಹೇಗೆ ಅಂತ ಕೇಳಿದೆ, ಎಲ್ಲರೂ ನೋಡಿದ್ದೀರಿ, ಒಂದು ಹೆಬ್ಬೆರಳೂ ಇಲ್ಲ. ಇರಲಿ.

ಅಯ್ಯೋ, ನಿನ್ನ 12ರ ವಿಷಯವೇ ಮರೆತೆ. ಅದರ ಪಕ್ಕ ಇಂಗ್ಲಿಷ್ ಬಿ ಅಕ್ಷರ ದೊಡ್ಡದಾಗಿದೆಯಾ ನೋಡು. ದೊಡ್ಡ ಬಿ ಅಂದರೆ ಬೈಟ್, ಕನೆಕ್ಷನ್ ಮಾರುವವರು ಹೇಳೋದು ಬಿಟ್ ಲೆಕ್ಕ. ಒಂದು ಬೈಟ್‌ಗೆ ಎಂಟು ಬಿಟ್. ಹನ್ನೆರಡು ಎಂಟಲಿ ತೊಂಬತ್ತಾರು, ನಿನಗೆ ಬರಬೇಕಾದ್ದು ಬರುತ್ತಲೇ ಇದೆ. ಚಿಕ್ಕ ಬಿ ಇದ್ದರೆ ಮಾತ್ರ ವೈರ್ ಚುಚ್ಚಿ ಅಳೆದು ಅದರ ಫೋಟೋ ಹಾಕು. ರೌಟರ್ ಎಲ್ಲಿಟ್ಟಿದ್ದೀಯ ಅಂತ ಅದರದ್ದೂ ಒಂದು ಫೋಟೋ.